ಒಲೆ ಹಚ್ಚದ ದಿನ

ರಾಜಾಜಿನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚಾಗಿದ್ದ ಕಾಲ ಅದು. ನಮ್ಮ ಬೆಳಗು ಶುರುವಾಗುತ್ತಿದ್ದುದು ಹಂಡೆಯೊಲೆಯ ಹೊಗೆಯಿಂದ. ಆ ಆಗಸ್ಟ್ ಹದಿನೈದರ ಬೆಳಿಗ್ಗೆಯೂ ಹಾಗೆಯೇ. ಅಮ್ಮ ನನ್ನ ತಲೆಗೆ ಸೀಗೆಪುಡಿ ತಿಕ್ಕಿ, ಕಣ್ಣು ಉರಿಯುತ್ತೆ ಅಂತ ನಾನು ಅತ್ತಿದ್ದಕ್ಕೆ ಬೆನ್ನಿಗೊಂದು ಗುದ್ದಿ, ಸಾಂಬ್ರಾಣಿ ಹೊಗೆಯ ಮುಂದೆ ಕೂದಲು ಹರವಿ ಕೂರಿಸಿದಳು. ಪಡಸಾಲೆಯಲ್ಲಿ ಅಜ್ಜ ಲಿಂಗಪೂಜೆ ಮುಗಿಸಿ, ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯಿಂದ ಖಾದಿ ಜುಬ್ಬವನ್ನು ತಾವೇ ತೀಡುತ್ತಿದ್ದರು. ಆ ಜುಬ್ಬವನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ನಾವು ದಾವಣಗೆರೆ ಕಡೆಯವರು. ಅಪ್ಪನಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ ಬಂದಿದ್ದೆವು. ಅಜ್ಜ ಬ್ರಿಟಿಷರ ಕಾಲದಲ್ಲಿ ಜೈಲಿಗೆ ಹೋಗಿ, ಅಲ್ಲಿ ಉಪವಾಸ ಕೂತು, ಹೊಟ್ಟೆಹುಣ್ಣು ತಂದುಕೊಂಡವರು. ಊಟ ಸ್ವಲ್ಪ ತಡವಾದರೂ ಗೋಡೆಗೆ ಒರಗಿ ಮುದುರಿಬಿಡುತ್ತಿದ್ದರು. ಬಾವುಟದ ದಿನ ಮಾತ್ರ ಅವರದೇ ಹಬ್ಬ. ಹೊರಗಿನವರೊಬ್ಬರನ್ನಾದರೂ ಮನೆಗೆ ಕರೆದು ಉಣ್ಣಿಸದೆ ಬಿಡುತ್ತಿರಲಿಲ್ಲ.

ಆ ವರ್ಷ ನಾನು ಆಲೆಮ್ಲಾಳನ್ನು ಕರೆದಿದ್ದೆ. ಅವಳು ನಾಗಾ ಗುಡ್ಡಗಳ ಹುಡುಗಿ. ಅವಳ ತಂದೆ ಪಾದ್ರಿಯಾಗಲು ಓದಲೆಂದು ಬೆಂಗಳೂರಿಗೆ ಬಂದು, ಓದು ಮುಗಿಸಿ ಹೋಗುವಾಗ ಮಗಳನ್ನು ನಮ್ಮ ಕಾನ್ವೆಂಟಿನ ಹಾಸ್ಟೆಲ್ಲಿನಲ್ಲಿ ಬಿಟ್ಟಿದ್ದರು. ನನ್ನ ಕ್ಲಾಸು, ನನ್ನದೇ ಬೆಂಚು. ಕುಂಟೆಬಿಲ್ಲೆಯಲ್ಲಿ ಅವಳನ್ನು ಸೋಲಿಸಿದವರಿಲ್ಲ. ಅವಳ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಿಗೂ ಹೊರಳದೆ, ಅಜ್ಜ ಮೊದಲ ದಿನವೇ 'ಅಲಮೇಲು' ಅಂತ ಮಾಡಿಬಿಟ್ಟಿದ್ದರು. ಅವಳು ನಕ್ಕು ಓಗೊಡುತ್ತಿದ್ದಳು.

ಅವತ್ತು ಸ್ಕೂಲಿನಲ್ಲಿ ಬಾವುಟ ಏರಿಸುವಾಗ ಅವಳು ಎಲ್ಲರಂತೆ ನೆಟ್ಟಗೇ ನಿಂತಿದ್ದಳು. ತುಟಿ ಮಾತ್ರ ಆಡಲಿಲ್ಲ. ಸಿಸ್ಟರು ಹಂಚಿದ ಪೆಪ್ಪರ್‌ಮಿಂಟನ್ನು ನನ್ನ ಕೈಗೆ ಹಾಕಿದಳು. ದಾರಿಯಲ್ಲಿ, ಹಸಿವಿಲ್ಲ, ಸುಮ್ಮನೆ ಆಡೋಕೆ ಬರ್ತೀನಿ ಅಂದಳು. ನಮ್ಮಮ್ಮನ ಹೋಳಿಗೆ ಕಂಡರೆ ಹಸಿವು ತಾನೇ ಬರುತ್ತೆ ಅಂದೆ ನಾನು.

ಎಲೆ ಹಾಕಿಯಾಯಿತು. ಕೋಸಂಬರಿ, ಚಿತ್ರಾನ್ನ, ಬದನೆಕಾಯಿ ಪಲ್ಯ, ತುಪ್ಪದಲ್ಲಿ ಅದ್ದಿದಂತಿದ್ದ ಹೋಳಿಗೆ. ಆಲೆಮ್ಲಾ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಮ್ಮ ಒಳಗೆ ಕರೆದು ನನ್ನ ಕಿವಿಯಲ್ಲಿ ಹೇಳಿದ್ದು ಈಗಲೂ ನೆನಪಿದೆ. ಪಾಪ, ಅವರಿಗೆ ಮಾಂಸವಿಲ್ಲದೆ ಗಂಟಲಲ್ಲಿ ಇಳಿಯೋಲ್ಲವೇನೋ, ಪಕ್ಕದ ಕೆಂಪಕ್ಕನ ಮನೆಯಲ್ಲಿ ಇವತ್ತು ಕೋಳಿ ಕುಯ್ದಿದ್ದಾರೆ, ಹಿತ್ತಿಲ ಬಾಗಿಲಲ್ಲಿ ಹೋಗಿ ಒಂದು ಬಟ್ಟಲು ಸಾರು ಇಸಕೊಂಡು ಬಾ, ಹಿತ್ತಿಲಲ್ಲೇ ಕೂತು ತಿನ್ನಲಿ, ಅಜ್ಜನಿಗೆ ಗೊತ್ತಾಗೋದು ಬೇಡ. ಮೊಟ್ಟೆಯ ವಾಸನೆಗೇ ಮೂಗು ಮುಚ್ಚುತ್ತಿದ್ದ ನನ್ನಮ್ಮ! ಕೆಂಪಕ್ಕ ಬಡಾವಣೆ ಬರುವ ಮೊದಲು ಇಲ್ಲಿದ್ದ ಹಳೇ ಊರಿನ ಗೌಡರ ಮನೆಯವರು, ನಮಗೆ ಹಾಲು ಕೊಡುತ್ತಿದ್ದರು. ವಿಷಯ ಕೇಳಿ ಸೆರಗು ಬಾಯಿಗಿಟ್ಟುಕೊಂಡು ನಕ್ಕು, ಬಟ್ಟಲ ಬದಲು ಪಾತ್ರೆಯನ್ನೇ ಹೊರಿಸಿ ಕಳಿಸಿದರು.

ಹಿತ್ತಿಲಿಗೆ ಕರೆದಾಗ ಆಲೆಮ್ಲಾ ಬಂದು ಆ ಪಾತ್ರೆಯನ್ನೂ ನೋಡಿದಳು. ಅಮ್ಮ ಪಟ್ಟ ಪಾಡು ಅವಳಿಗೆ ಅರ್ಥವಾಯಿತೆಂದು ಕಾಣುತ್ತದೆ, ಮುಖ ಕೆಂಪಗಾಯಿತು. ಆಮೇಲೆ ಪಡಸಾಲೆಗೆ ಬಂದು, ಅಜ್ಜನ ಎದುರು ನಿಂತು, ಕಲಿತಷ್ಟು ಕನ್ನಡದಲ್ಲಿ ಮೆಲ್ಲಗೆ ಹೇಳಿದಳು.

"ಅಜ್ಜಾ, ಇವತ್ತು ನಮ್ಮ ಊರಲ್ಲಿ ಯಾರೂ ಒಲೆ ಹಚ್ಚಲ್ಲ. ನಮ್ಮ ಗುಡ್ಡಾನ ನಾವೇ ನೋಡ್ಕೋಬೇಕು, ಅದು ಸರ್ಕಾರಕ್ಕೆ ಗೊತ್ತಾಗಲಿ ಅಂತ. ಯಾರಿಗೂ ಹೊಡೆಯಲ್ಲ, ಬೈಯಲ್ಲ. ಬಾಗಿಲು ಹಾಕ್ಕೊಂಡು ಪ್ರಾರ್ಥನೆ ಮಾಡ್ತಾರೆ. ನಾನು ಇಲ್ಲಿಂದಾನೇ ಸೇರ್ಕೋತೀನಿ ಅಂತ ಅಪ್ಪನಿಗೆ ಮಾತು ಕೊಟ್ಟಿದೀನಿ."

ಅಜ್ಜ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು ಅಂತ ಈಗ ಅನ್ನಿಸುತ್ತದೆ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಸ್ವಾತಂತ್ರ್ಯ ಅಂದರೆ ಎಲ್ಲರಿಗೂ ಬಂದ ಹಾಗೆ, ಅದು ನಿಮಗೂ ಬಂದಿದೆಯಲ್ಲವ್ವಾ, ಮನೆಯವರ ಮೇಲೆ ಮನೆಯವರೇ ಉಪವಾಸ ಮಾಡ್ತಾರೇನು ಅಂತ ಕೇಳಿದರು. ಅವಳು ಎಲೆಯ ಕಡೆ ತಿರುಗಲಿಲ್ಲ. ಆಗ ಅಜ್ಜ ತಮ್ಮ ಎಲೆಯನ್ನು ಮುಂದಕ್ಕೆ ತಳ್ಳಿದರು.

"ಆಯ್ತು. ನೀನು ಉಣ್ಣೋವರೆಗೂ ನಾನೂ ಉಣ್ಣೋದಿಲ್ಲ."

ನನಗೆ ಅದು ಆಟದಂತೆ ಕಂಡಿತು. ಇಬ್ಬರಲ್ಲಿ ಯಾರು ಗೆಲ್ಲುತ್ತಾರೋ ಎಂದು ಕಂಬಕ್ಕೆ ಒರಗಿ ನೋಡುತ್ತಾ ಕೂತೆ. ಹೋಳಿಗೆಯ ಮೇಲೆ ತುಪ್ಪ ಬೆಳ್ಳಗೆ ಹೆಪ್ಪುಗಟ್ಟಿತು. ಅಪ್ಪ, ಬಿಡಿ ಅಪ್ಪಾಜಿ, ಮಗು ಅದು ಅಂದರೆ ಅಜ್ಜ ಕೇಳಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವರ ಹಣೆಯ ವಿಭೂತಿ ಬೆವರಿನಲ್ಲಿ ಕರಗಿತ್ತು. ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದರು. ಅಮ್ಮನಿಗೆ ಜೀವವೇ ಹೋದಂತಾಯಿತು. ಆಲೆಮ್ಲಾಳ ಗಲ್ಲ ಹಿಡಿದು, ನಿನ್ನ ಕಾಲಿಗೆ ಬೀಳ್ತೀನಿ ತಾಯಿ, ಒಂದು ತುತ್ತು ತಿನ್ನು, ನಮ್ಮ ಮನೆಯಿಂದ ಇದುವರೆಗೆ ಯಾರೂ ಹಸಿದು ಹೋಗಿಲ್ಲ, ಮುದುಕರ ಜೀವ ನಿನ್ನ ಕೈಲಿದೆ ಅಂತ ಅತ್ತಳು.

ಆಲೆಮ್ಲಾ ಅಜ್ಜನನ್ನು ನೋಡಿದಳು. ಆಮೇಲೆ ನನ್ನನ್ನು. ನಾನು "ತಿನ್ನು ಕಣೇ, ಏನಾಗುತ್ತೆ, ನಿಮ್ಮೂರಿನವರಿಗೆ ಕಾಣುತ್ತಾ?" ಅಂದೆ.

ಅವಳು ಕೂತು ಉಂಡಳು. ಒಂದು ತುತ್ತಲ್ಲ, ಎಲೆಯಲ್ಲಿ ಬಡಿಸಿದ್ದನ್ನೆಲ್ಲ, ಒಂದಗುಳು ಬಿಡದೆ. ಬಡಿಸಿದ್ದನ್ನು ಚೆಲ್ಲುವುದು ಅವರಲ್ಲಿ ತಪ್ಪಂತೆ. ಮಧ್ಯೆ ಒಮ್ಮೆ ಬಿಕ್ಕಳಿಕೆ ಬಂದಿತು. ಅಮ್ಮ ನೀರು ಕೊಟ್ಟು ನೆತ್ತಿ ತಟ್ಟಿ, ಊರಲ್ಲಿ ಯಾರೋ ನೆನೆಸಿಕೊಳ್ತಿದಾರೆ ನೋಡು ಅಂದಳು. ಅಜ್ಜ ಎಲೆ ಹತ್ತಿರಕ್ಕೆ ಎಳೆದುಕೊಂಡು, ಪ್ರೀತಿ ತುಂಬಿದ ಮುಖದಲ್ಲಿ, ಸತ್ಯಾಗ್ರಹ ಅಂದರೆ ಹೀಗೆ ಕಣವ್ವಾ ಅಲಮೇಲು, ಎದುರಿಗಿರೋರ ಮನಸ್ಸು ಕರಗಿಸೋದು ಅಂದರು. ಅವಳು ಹೂಂ ಅಜ್ಜಾ ಅಂದಳು. ಬಚ್ಚಲಿನಲ್ಲಿ ಕೈ ತೊಳೆಯುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಆ ಮೇಲೆ ಅವಳು ನಮ್ಮ ಮನೆಗೆ ಬರಲಿಲ್ಲ. ಬೆಂಚಿನಲ್ಲಿ ಪಕ್ಕದಲ್ಲೇ ಕೂರುತ್ತಿದ್ದಳು, ಪೆನ್ಸಿಲ್ ಕೇಳಿದರೆ ಕೊಡುತ್ತಿದ್ದಳು, ಅಷ್ಟೇ. ಮರುವರ್ಷ ಅವಳ ತಂದೆ ಬಂದು ಕರೆದುಕೊಂಡು ಹೋದರು. ಮುಂದೆ ಪೇಪರಿನಲ್ಲಿ ಆ ಗುಡ್ಡಗಳ ಸುದ್ದಿ ಬಂದರೆ ಅದರ ಜೊತೆಗೆ ಬಂದೂಕೂ ಇರುತ್ತಿತ್ತು. ಓದಿದಾಗಲೆಲ್ಲ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳಬೇಕೆನಿಸುತ್ತಿತ್ತು. ಒಲೆ ಹಚ್ಚದೆ, ಬಾಗಿಲು ಹಾಕಿಕೊಂಡು ಕೂತರೆ ದೂರದವರಿಗೆ ಕೇಳಿಸುತ್ತದೆ ಎಂದು ಆ ಗುಡ್ಡಗಳ ಜನ ನಂಬಿದ್ದ ಕಾಲವೊಂದಿತ್ತು. ಆ ನಂಬಿಕೆ ನಮ್ಮ ಪಡಸಾಲೆಯವರೆಗೂ ಬಂದಿತ್ತು. ನಾವು ಅದಕ್ಕೆ ತುಪ್ಪ ಬಡಿಸಿದೆವು. ಅಜ್ಜ ಕೆಟ್ಟವರಾಗಿರಲಿಲ್ಲ, ಅಮ್ಮನೂ ಅಲ್ಲ. ನಾಚಿಕೆ ಇಷ್ಟು ವರ್ಷವಾದರೂ ಹೋಗದಿರುವುದು ಅದಕ್ಕೇ.

ಅವತ್ತು ಸಂಜೆ ಕೆಂಪಕ್ಕ ತಮ್ಮ ಪಾತ್ರೆ ತೆಗೆದುಕೊಂಡು ಹೋಗಲು ಬಂದರು. ಮುಟ್ಟದ ಸಾರು ಹಾಗೇ ಇತ್ತು. ಅಮ್ಮ ನಾಚುತ್ತಲೇ ನಡೆದದ್ದನ್ನೆಲ್ಲ ಹೇಳಿದಳು. ಕೆಂಪಕ್ಕ ಕಟ್ಟೆಯ ಮೇಲೆ ಕೂತು, ವೀಳ್ಯದೆಲೆಗೆ ಸುಣ್ಣ ಸವರಿಕೊಂಡು ಬಾಯಿಗಿಟ್ಟುಕೊಂಡರು. ಆಮೇಲೆ ನಮ್ಮ ಮನೆಯ ಗೋಡೆಯನ್ನೊಮ್ಮೆ ನೋಡಿ, ಪಾತ್ರೆ ಸೊಂಟಕ್ಕಿಟ್ಟುಕೊಂಡು ಏಳುತ್ತಾ ಅಂದರು:

"ಒಲೆ ಹಚ್ದೆ ಹಿಂಗೂ ಕೇಳ್ಬೋದು ಅಂತ ನಮ್ಗ್ಯಾರೂ ಹೇಳ್ಕೊಡ್ನಿಲ್ಲ ಬಿಡವ್ವಾ. ಇದು ನಮ್ಮ ರಾಗಿ ಹೊಲ ಆಗಿತ್ತಲ್ಲ, ಸೈಟು ಅಳೆಯಾಕೆ ಸರಪಣಿ ಹಿಡ್ಕಂಡು ಬಂದೋರ್ಗೆ ನಾನೇ ಮಜ್ಗೆ ಕೊಟ್ಟೆ."