ಎರಡು ಕಿವಿ, ನಾಲ್ಕು ಜೋಡಿ ಸ್ಪೀಕರ್

ಮಾನ್ವಿಯ ಅಕ್ಕಿ ಗಿರಣಿಯ ಶಂಭುಲಿಂಗಪ್ಪನವರು ರಾಯಚೂರಿನಿಂದ ಅಗ್ಗದ ಸ್ಪೀಕರುಗಳನ್ನು ಜೋಡಿ ಜೋಡಿಯಾಗಿ ಪರೀಕ್ಷೆಗೆ ತಂದು, ಕಪಾಟಿನ ಪುಸ್ತಕ ಇಳಿಸಿ, ಅಲ್ಲಿ ಕೂರಿಸುತ್ತಾರೆ. ಮಠದ ಭಜನೆಯನ್ನು ತಾವೇ ತುಂಬಿಸಿಕೊಂಡ ಕ್ಯಾಸೆಟ್ ಹಾಕಿ, ಅಕ್ಕಿಕಾಳು ಕಚ್ಚಿ ನೋಡುವ ಗತ್ತಿನಲ್ಲಿ ಕಣ್ಣು ಮುಚ್ಚುತ್ತಾರೆ. ‘ಇದರಾಗ ದನಿ ನುಚ್ಚಾಗೇದ, ಅದರಾಗ ಬರೀ ತೌಡು. ತಾಳ ಎಲ್ಲಿ ಅದ? ವಾಪಸ್ ಒಯ್ರಿ!’ ಎಂದು ಗಿರಣಿಯ ಆಳುಗಳಿಗೆ ಹೇಳುತ್ತಾರೆ. ಗಿರಣಿಯ ಗದ್ದಲಕ್ಕೆ ತಮ್ಮ ಕಿವಿಯೇ ಕೆಟ್ಟಿತೇನೋ ಎಂಬ ಅಂಜಿಕೆಯನ್ನು ಮಾತ್ರ ಯಾರ ಕಿವಿಗೂ ಹಾಕಿಲ್ಲ. ನಾಲ್ಕನೆಯ ಜೋಡಿಯಲ್ಲೂ ತಾಳ ಕೇಳದ್ದನ್ನು ತಾಳಲಾರದೆ ತಲೆ ಹಿಡಿದು ಕೂತ ದಿನ, ಹೆಂಡತಿ ಅಂಬಮ್ಮ ಅಡುಗೆಮನೆಯಲ್ಲಿ ತಮ್ಮಷ್ಟಕ್ಕೆ ಗೊಣಗಿದರು: ‘ತಾಳ ಬಾರಿಸೋ ಮಹಾಂತಯ್ಯನೋರು ಕ್ಯಾಸೆಟ್ ತುಂಬಿದ ದಿನ ಭಜನಿಗೇ ಬಂದಿದ್ದಿಲ್ಲ. ಇವರಿಗೆ ಯಾರು ಹೇಳಬೇಕು!’ ಶಂಭುಲಿಂಗಪ್ಪನವರು ದಿಗ್ಗನೆ ಎದ್ದರು. ‘ಏಯ್, ಅಲ್ಲಿ ಗೊಣಗಿದ್ದು ಇಲ್ಲಿತನ ಕೇಳಸ್ತಲ್ಲ!’ ಹೆಂಡತಿಯ ಗೊಣಗಾಟಕ್ಕೆ ಇಷ್ಟು ಹಿಗ್ಗಿದ ಗಂಡನನ್ನು ಮಾನ್ವಿ ಅದುವರೆಗೆ ಕಂಡಿರಲಿಲ್ಲ.