ನಕ್ಷೆಯಲ್ಲಿ ದಾರಿ ಇತ್ತು

ಜಯಮ್ಮ ತಂದುಕೊಟ್ಟ ನಕ್ಷೆಯಲ್ಲಿ ದಾರಿ ಇತ್ತು. ಇಲ್ಲ ಎಂದು ಹೇಳಿದವಳು ನಾನು. ಕಣ್ತಪ್ಪಿ ಹೇಳಿದ್ದಲ್ಲ, ಗೊತ್ತಾಗದೆ ಹೇಳಿದ್ದೂ ಅಲ್ಲ — ಎರಡು ಚುಕ್ಕೆಗೆರೆಗಳು ಜೊತೆಜೊತೆಯಾಗಿ ಸಾಗಿದ್ದನ್ನು ಬೆರಳಿಟ್ಟು ನೋಡಿ, ಬೆರಳು ತೆಗೆದು, ಆಮೇಲೆ ಹೇಳಿದ್ದು.

ಇದಾಗಿ ಒಂಬತ್ತು ವರ್ಷ. ಇಷ್ಟಾದರೂ ಇದಕ್ಕೆ ಏನೆಂದು ಹೆಸರಿಡಬೇಕೋ ನನಗೆ ತಿಳಿಯುತ್ತಿಲ್ಲ. ನಾನು ಯಾರದ್ದನ್ನೂ ಕದಿಯಲಿಲ್ಲ, ಯಾರ ಮನೆಯನ್ನೂ ಕೆಡವಲಿಲ್ಲ. ಒಂದು ಓಣಿ ಮುಚ್ಚಿತು, ಅಷ್ಟೆ. ಊರೆಲ್ಲ ದಿನಾ ಒಂದು ರಸ್ತೆ ಅಗೆಯುತ್ತಾರೆ, ಒಂದು ರಸ್ತೆ ಮುಚ್ಚುತ್ತಾರೆ, ಇದೂ ಹಾಗೆಯೇ ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಆದರೂ —

ಮೊದಲಿಂದ ಹೇಳುತ್ತೇನೆ.

ನನ್ನ ಹೆಸರು ವಸುಧಾ. ಜಯನಗರದ ಒಂದು ಸಣ್ಣ ಕಚೇರಿಯಲ್ಲಿ ಮೂವತ್ತು ವರ್ಷ ಮನೆಗಳ, ಬಡಾವಣೆಗಳ ನಕ್ಷೆ ಬರೆಯುವ ಕೆಲಸ ಮಾಡಿದೆ. ನಾನು ಇಂಜಿನಿಯರ್ ಅಲ್ಲ. ಆದರೆ ನಮ್ಮ ಬೀದಿಯಲ್ಲಿ ಎಲ್ಲರೂ 'ಇಂಜಿನಿಯರ್ ಮೇಡಂ' ಎಂದೇ ಕರೆಯುತ್ತಿದ್ದರು, ನಾನೂ ತಿದ್ದಲಿಲ್ಲ. ಹೊಸಕೆರೆಹಳ್ಳಿಯಿಂದ ಸ್ವಲ್ಪ ಆಚೆ ಒಂದು ಬಡಾವಣೆ. ಅದರಲ್ಲಿ ಕೊನೆಯ ಕ್ರಾಸಿನ ಕೊನೆಯ ಮನೆ ನಮ್ಮದು. ಮನೆಯ ಪಕ್ಕದಲ್ಲೇ ಹತ್ತಡಿ ಅಗಲದ ಮಣ್ಣಿನ ಓಣಿ. ಓಣಿಯ ಆ ತುದಿಯಲ್ಲಿ ಹಳೆಯ ಊರು — ಬಡಾವಣೆ ಆಗುವ ಮೊದಲು ಈ ನೆಲದಲ್ಲಿ ರಾಗಿ ಬೆಳೆಯುತ್ತಿದ್ದವರ ಮನೆಗಳು. ಈ ತುದಿಯಲ್ಲಿ ನಮ್ಮ ಕ್ರಾಸು. ಅದನ್ನು ದಾಟಿದರೆ ಮೇನ್ ರೋಡು, ಬಸ್ ಸ್ಟಾಪು. ಆ ಊರಿನವರಿಗೆ ಮನೆಯ ಹೊಸಿಲಿಂದ ಬಸ್ ಸ್ಟಾಪಿಗೆ ಐದೇ ನಿಮಿಷ. ನಮಗೆ ಅದೇ ಓಣಿಯಲ್ಲಿ ಎದುರು ದಿಕ್ಕಿಗೆ ನಡೆದರೆ ಹಿಟ್ಟಿನ ಮಿಲ್ಲು, ಸೊಪ್ಪಿನ ಅಂಗಡಿ, ರವಿಕೆ ಹೊಲಿಯುವ ಸರೋಜ.

ಜಯಮ್ಮ ಆ ಊರಿನ ಸೊಸೆ. ಜಯನಗರದ ಒಂದು ನರ್ಸರಿ ಶಾಲೆಯಲ್ಲಿ ಆಯಾ ಆಗಿದ್ದರು. ನನ್ನ ಕಚೇರಿಗೂ ಅವರ ಶಾಲೆಗೂ ಒಂದೇ ಬಸ್ಸು. ಹನ್ನೊಂದು ವರ್ಷ ನಾವಿಬ್ಬರೂ ಒಂದೇ ಸ್ಟಾಪಿನಲ್ಲಿ ಹತ್ತಿ ಫೋರ್ತ್ ಬ್ಲಾಕಿನಲ್ಲಿ ಇಳಿದಿದ್ದೇವೆ. ದಾರಿಯುದ್ದಕ್ಕೂ ಆ ಶಾಲೆಯ ಮಕ್ಕಳ ಕಥೆ — ಯಾವ ಮಗು ಚಡ್ಡಿ ಒದ್ದೆ ಮಾಡಿಕೊಂಡಿತು, ಯಾವುದು ಡಬ್ಬಿಯ ಚಿತ್ರಾನ್ನವನ್ನು ಕಿಟಕಿಯಿಂದ ಕಾಗೆಗೆ ಹಾಕಿತು. ಅವರನ್ನು ಗೆಳತಿ ಎನ್ನಬಹುದಿತ್ತೇ? ಆಗ ಹಾಗೆ ಯೋಚಿಸಿರಲಿಲ್ಲ. ಈಗ ಆ ಮಾತು ಬಳಸುವ ಹಕ್ಕಿಲ್ಲ.

ಮೇನ್ ರೋಡಿಗೆ ಸಿಗ್ನಲ್ ಬಂದ ಮೇಲೆ ತೊಂದರೆ ಶುರುವಾಯಿತು. ಸಿಗ್ನಲ್ ತಪ್ಪಿಸಿಕೊಳ್ಳಲು ಎಲ್ಲೆಲ್ಲಿಂದಲೋ ಬರುವ ಬೈಕುಗಳು ನಮ್ಮ ಓಣಿಗೆ ನುಗ್ಗತೊಡಗಿದವು. ನನ್ನ ಮಲಗುವ ಕೋಣೆಯ ಕಿಟಕಿ ಆ ಓಣಿಗೇ ತೆರೆಯುತ್ತದೆ. ಹಾರ್ನು, ಧೂಳು. ಬಡಾವಣೆಯ ಸಂಘದ ಸಭೆಯಲ್ಲಿ ನಾನೇ ಮೊದಲು ದೂರಿದೆ. ಕಾರ್ಯದರ್ಶಿಗಳು ಅಷ್ಟಕ್ಕೇ ಕಾದಿದ್ದವರಂತೆ, "ಗೋಡೆ ಹಾಕ್ಬಿಡೋಣ ಮೇಡಂ. ಅದು ಯಾರದ್ದೂ ದಾರಿ ಅಲ್ಲ, ಸುಮ್ನೆ ಉಳ್ಕೊಂಡಿರೋ ಜಾಗ ಅಂತ ಒಂದು ಪ್ಲಾನ್ ಬರ್ಕೊಡಿ ಸಾಕು. ಪಾಲಿಕೆ ಕಚೇರಿಗೆ ನಾವು ಕೊಡ್ತೀವಿ," ಎಂದರು.

ಬರೆದುಕೊಟ್ಟೆ. ಓಣಿ ಇದ್ದ ಕಡೆ ಏನನ್ನೂ ತೋರಿಸದೆ ಖಾಲಿ ಬಿಟ್ಟೆ. ಅಳತೆ ಎಲ್ಲ ಸರಿಯಾಗಿಯೇ ಇತ್ತು. ಸುಳ್ಳು ಗೆರೆ ಒಂದೂ ಇರಲಿಲ್ಲ — ಇರಬೇಕಾದ ಗೆರೆ ಇರಲಿಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು, ಇಲ್ಲದಿದ್ದರೆ ಮತ್ತೆ ನುಂಗಿಕೊಳ್ಳುತ್ತೇನೆ. ಬೈಕು ತಡೆಯಲು ಗೋಡೆ ಬೇಕಾಗಿರಲಿಲ್ಲ. ಓಣಿಯ ಬಾಯಿಗೆ ಮೂರು ಕಲ್ಲಿನ ಕಂಬ ನೆಟ್ಟರೆ ಬೈಕು ನಿಲ್ಲುತ್ತದೆ, ಜನ ನಡೆಯುತ್ತಾರೆ. ಅಂಥ ಕಂಬಗಳನ್ನು ಬೇರೆ ಬಡಾವಣೆಗಳ ನಕ್ಷೆಗಳಲ್ಲಿ ನಾನೇ ಎಷ್ಟೋ ಸಲ ಬರೆದಿದ್ದೆ. ಆ ಸಭೆಯಲ್ಲಿ ಇದು ಗೊತ್ತಿದ್ದವಳು ನಾನೊಬ್ಬಳೇ. ಸುಮ್ಮನೆ ಕೂತಿದ್ದೆ. ಯಾಕೆ? ಬೈಕುಗಳ ಸದ್ದು ಮಾತ್ರ ನಿಂತರೆ ಸಾಕಿತ್ತೇ, ಅಥವಾ ಕಿಟಕಿಯ ಪಕ್ಕ ಆ ಜನರ ಓಡಾಟವೂ ಬೇಡವಾಗಿತ್ತೇ? ಪ್ರಾಮಾಣಿಕವಾಗಿ ಹೇಳಹೊರಟರೆ ಎರಡನೆಯದೇ ಬಾಯಿಗೆ ಬರುತ್ತದೆ. ಮರುಕ್ಷಣವೇ, ಛೇ, ನಾನು ಅಂಥವಳಲ್ಲ ಅನ್ನಿಸುತ್ತದೆ. ಎರಡರಲ್ಲಿ ಯಾವುದು ನಿಜವೋ ಇವತ್ತಿಗೂ ಗೊತ್ತಿಲ್ಲ.

ಗೋಡೆಯ ಸುದ್ದಿ ಹಳೆಯ ಊರಿಗೂ ಮುಟ್ಟಿತು. ಒಂದು ಭಾನುವಾರ ಬೆಳಿಗ್ಗೆ ಜಯಮ್ಮ ನಮ್ಮ ಮನೆಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಹಳೆಯ ಕಾಗದ. ಹಿಂದೆ ಅವರ ಮಾವ ಮುನಿಶಾಮಪ್ಪ. ಎಂಬತ್ತರ ಹತ್ತಿರದ ವಯಸ್ಸು, ಬಿಳಿ ಪಂಚೆ. ಒಳಗೆ ಬನ್ನಿ ಎಂದರೂ ಬಾರದೆ ಮೆಟ್ಟಿಲ ಹತ್ತಿರವೇ ನಿಂತರು.

"ಮೇಡಂ, ಇದು ಊರಿನ ಹಳೇ ಮ್ಯಾಪು, ನಮ್ಮನೇಲಿ ಮೊದ್ಲಿಂದ ಐತೆ. ಓಣಿ ಇದ್ದ ಕಡೆ ಬಂಡಿದಾರಿ ಇತ್ತು ಅಂತಾರೆ ನಮ್ಮ ಮಾವ. ನಮಗೆ ಇದು ಓದಕ್ಕೆ ಬರಲ್ಲ. ನೀವು ನೋಡಿ ಹೇಳಿ. ಇದ್ರೆ ಕಚೇರೀಲಿ ಹೋಗಿ ಕೇಳ್ತೀವಿ. ಇಲ್ದಿದ್ರೆ ಸುಮ್ನಾಗ್ತೀವಿ."

ಸಂಘಕ್ಕೆ ಪ್ಲಾನ್ ಬರೆದುಕೊಟ್ಟವಳು ನಾನೇ ಎಂದು ಅವರಿಗೆ ಗೊತ್ತಿರಲಿಲ್ಲ.

ಕಾಗದವನ್ನು ಊಟದ ಮೇಜಿನ ಮೇಲೆ ಹರಡಿದೆ. ಹುಡುಕುವ ಕಷ್ಟವೇ ಇರಲಿಲ್ಲ. ಊರಿನಿಂದ ಹೊರಟು, ಹೊಲಗಳ ನಡುವೆ ಹಾದು, ಈಗಿನ ಮೇನ್ ರೋಡಿನವರೆಗೆ ಎರಡು ಚುಕ್ಕೆಗೆರೆಗಳ ಬಂಡಿದಾರಿ ಸ್ಪಷ್ಟವಾಗಿತ್ತು. ಅಂದರೆ ಬಡಾವಣೆಗಿಂತ ಮೊದಲಿನ ದಾರಿ, ಎಲ್ಲರ ದಾರಿ. ಅದರ ಮೇಲಿಟ್ಟ ಬೆರಳನ್ನು ತೆಗೆದೆ. ಆಮೇಲೆ ಅಂದೆ —

"ಇದ್ರಲ್ಲಿ ಅಂಥ ದಾರಿ ಯಾವ್ದೂ ಇಲ್ಲ, ಜಯಮ್ಮ."

ಮೆಟ್ಟಿಲ ಹತ್ತಿರದಿಂದ ಮುನಿಶಾಮಪ್ಪ ಕೇಳಿದರು, "ಇಲ್ವಾ ತಾಯಿ? ನಮ್ಮಪ್ಪ ಅಲ್ಲೇ ಬಂಡಿ ಹೊಡ್ಕೊಂಡು ಹೋಗ್ತಿದ್ನಲ್ಲ. ನಾನು ಹಿಂದ್ಗಡೆ ಕೂತ್ಕೊಂಡು…"

"ಅದು ಬೇರೆ ಕಡೆ ಇರ್ಬೇಕು ತಾತ. ನಿಮಗೆ ಮರ್ತಿರ್ಬಹುದು."

ಮೊದಲ ಸುಳ್ಳಿಗಾದರೂ ನನಗೊಂದು ಕಾರಣವಿತ್ತು ಎನ್ನಿ. ಈ ಎರಡನೆಯ ಮಾತು ಯಾಕೆ ಬಂತು? ಅದರ ಅವಶ್ಯಕತೆಯೇ ಇರಲಿಲ್ಲ. ಅವರು ನನ್ನನ್ನು ನೋಡಿದರು, ಕಾಗದವನ್ನು ನೋಡಿದರು, ತಲೆಯಾಡಿಸಿದರು. ಜಯಮ್ಮ ಕಾಗದವನ್ನು ಮೊದಲಿನ ಹಾಗೆಯೇ ಮಡಚಿಕೊಂಡು, "ಬರ್ತೀವಿ ಮೇಡಂ, ತೊಂದರೆ ಕೊಟ್ವಿ," ಎಂದು ಹೊರಟರು. ಅವರು ಬೇರೆ ಯಾರಿಗೂ ಅದನ್ನು ತೋರಿಸಲಿಲ್ಲ. ನಾನು ಹೇಳಿದ ಮೇಲೆ ಮುಗಿಯಿತು.

ಗೋಡೆ ಎದ್ದಿತು. ಕಿಟಕಿ ತೆರೆದಿಟ್ಟು ಮಲಗಿದೆ. ಸುಖವಾಗಿಯೇ ನಿದ್ದೆ ಬಂತು — ಅದನ್ನೂ ಹೇಳಬೇಕಲ್ಲವೇ.

ಆಮೇಲೆ ಆದದ್ದು ಎಷ್ಟು ನಿಧಾನವಾಗಿ ಆಯಿತೆಂದರೆ, ಆಗುತ್ತಿದೆ ಎಂದೇ ಯಾರಿಗೂ ಅನ್ನಿಸಲಿಲ್ಲ. ಈಗ ಬಸ್ಸಿಗೆ ಬರಬೇಕಾದರೆ ಜಯಮ್ಮ ಊರಿನ ಇನ್ನೊಂದು ತುದಿಯಿಂದ ಹೊರಟು, ರಿಂಗ್ ರೋಡಿನ ಪಕ್ಕ ಸುತ್ತಿ ಬರಬೇಕಿತ್ತು. ಐದು ನಿಮಿಷದ ದಾರಿಗೆ ಅರ್ಧ ಗಂಟೆ. ಕೆಲವು ತಿಂಗಳು ಬಂದರು, ಬೆವರುತ್ತಾ, ಓಡುತ್ತಾ. ಎಷ್ಟೋ ದಿನ ಅವರು ಇನ್ನೂ ಆಚೆ ಇರುವಾಗಲೇ ಬಸ್ಸು ಹೊರಟುಬಿಡುತ್ತಿತ್ತು. ನಾನು ಒಳಗೆ ಕೂತಿರುತ್ತಿದ್ದೆ. ಆಟೋದವರು ಅಷ್ಟು ಹತ್ತಿರಕ್ಕೆ ಬರಲೊಪ್ಪುತ್ತಿರಲಿಲ್ಲ. ಮಂಡಿ ನೋವು ಶುರುವಾಯಿತು. ಒಂದು ದಿನ ಶಾಲೆಯ ಕೆಲಸ ಬಿಟ್ಟೆ ಎಂದರು. ಅವರ ಮಗ ಬೈಕು ತಗೊಂಡ. ಮೊಮ್ಮಗಳು ಓಣಿಯಲ್ಲಿ ನಡೆದೇ ಶಾಲೆಗೆ ಹೋಗುತ್ತಿದ್ದವಳು ವ್ಯಾನ್ ಹತ್ತಿದಳು. ಅಕ್ಕಪಕ್ಕದ ಮನೆಗಳಲ್ಲೂ ಒಂದೊಂದು, ಎರಡೆರಡು ಗಾಡಿ.

ನಮ್ಮ ಕಡೆಯೂ ಅದೇ. ಮಿಲ್ಲು ಗೋಡೆಯ ಆಚೆ ಅಲ್ಲೇ ಇದೆ, ರಾಗಿ ಬೀಸುವ ಸದ್ದು ನಮ್ಮ ಮನೆಗೆ ಕೇಳುತ್ತದೆ. ಅಲ್ಲಿಗೆ ಹೋಗಲು ಸ್ಕೂಟರ್ ತೆಗೆಯತೊಡಗಿದೆ. ಒಮ್ಮೆ ಸ್ಕೂಟರ್ ತೆಗೆದ ಮೇಲೆ ಎಲ್ಲದಕ್ಕೂ ಸ್ಕೂಟರ್, ಬಸ್ಸನ್ನೂ ಬಿಟ್ಟೆ. ಕೊನೆಗೆ ಕಾರು. ಆ ಸಿಗ್ನಲ್ಲಿನಲ್ಲಿ ಗಾಡಿಗಳ ನಡುವೆ ಸಿಕ್ಕಿಕೊಂಡು, ಈ ಊರು ಕೆಟ್ಟುಹೋಯಿತು ಎಂದು ನಾನೂ ಗೊಣಗಿದ್ದೇನೆ.

ಇದರಲ್ಲಿ ನನ್ನ ಪಾಲೆಷ್ಟು? ಗೋಡೆ ಇಲ್ಲದಿದ್ದರೂ ಆ ಹುಡುಗ ಬೈಕು ತಗೊಳ್ಳುತ್ತಿದ್ದನೇನೋ. ಜಯಮ್ಮನ ಮಂಡಿ ಹೇಗೂ ಸವೆಯುತ್ತಿತ್ತೇನೋ. ಬೆಂಗಳೂರಿನಲ್ಲಿ ಯಾರು ಗಾಡಿ ತಗೊಳ್ಳಲಿಲ್ಲ? ಯಾವುದು ಎಲ್ಲಿಂದ ಶುರುವಾಯಿತು ಎಂದು ಗೆರೆ ಹಾಕಿ ತೋರಿಸಲು ಕೂತರೆ ಕೈ ಓಡುವುದಿಲ್ಲ — ಜೀವನವಿಡೀ ಗೆರೆ ಹಾಕಿದ ಕೈ.

ಹೋದ ತಿಂಗಳು ಪದ್ಮನಾಭನಗರದ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ, ನನಗೂ ಈಗ ಮಂಡಿ ನೋವು. ಅಲ್ಲಿ ಬೆಂಚಿನ ಮೇಲೆ ಜಯಮ್ಮ ಕೂತಿದ್ದರು. ಎಷ್ಟೋ ವರ್ಷದ ಮೇಲೆ ಎದುರುಬದುರು. ಖುಷಿಯಿಂದ ಕೈ ಹಿಡಿದುಕೊಂಡರು. ತಾತ ಹೇಗಿದ್ದಾರೆ ಎಂದು ಕೇಳಿದೆ.

"ಹೋಗ್ಬಿಟ್ರು ಮೇಡಂ, ಎರಡು ವರ್ಷ ಆಯ್ತು." ತಾವಾಗಿಯೇ ಹೇಳಿದರು, "ಆ ಗೋಡೆ ಬಂದ್ಮೇಲೆ ಒಂಥರಾ ಆಗೋದ್ರು. ದಿನಾ ಹೋಗಿ ಅದ್ರ ಮೇಲೆ ಕೈ ಇಟ್ಕೊಂಡು ನಿಂತ್ಕೊಳೋರು. ಇಲ್ಲೇ ಅಲ್ವೇನಮ್ಮ ಇದ್ದಿದ್ದು ಅನ್ನೋರು. ಮ್ಯಾಪಲ್ಲೇ ಇಲ್ವಂತೆ ಸುಮ್ನಿರು ತಾತ ಅಂತ ಹುಡುಗ್ರು ನಗೋರು. ಆಮೇಲೆ ಹಳೇ ಮಾತು ಆಡೋದೇ ಬಿಟ್ರು. ಯಾವ ಹೊಲ ಯಾರದ್ದು, ಬಾವಿ ಎಲ್ಲಿತ್ತು, ಏನ್ ಕೇಳಿದ್ರೂ ನಂಗೆ ಗೊತ್ತಿಲ್ಲ, ನಂಗೆ ತಪ್ಪು ನೆನಪು ಇರ್ತದೆ ಅನ್ನೋರು."

ಇಷ್ಟು ಹೇಳಿ ಅವರೇ ನನ್ನ ಕೈ ತಟ್ಟಿದರು. "ನೀವು ಅವತ್ತು ನೋಡಿ ಹೇಳಿದ್ದೇ ಒಳ್ಳೇದಾಯ್ತು ಬಿಡಿ. ಇಲ್ದಿದ್ರೆ ಇಲ್ದಿರೋ ದಾರಿಗೋಸ್ಕರ ಕಚೇರಿ ಅಲ್ದಾಡ್ಕೊಂಡು ಸಾಯ್ತಿದ್ವಿ."

ಅಷ್ಟರಲ್ಲಿ ನನ್ನ ಹೆಸರು ಕೂಗಿದರು. ಎದ್ದು ಒಳಗೆ ಹೋದೆ. ಡಾಕ್ಟರು ಎಲ್ಲಿ ನೋವು ಎಂದು ಕೇಳಿದರೆ ಯಾವ ಕಾಲು ಎಂದು ಹೇಳಲು ತೋಚಲಿಲ್ಲ.

ಎಂಟು ದಿನ ಕಳೆದು ಅವರ ಮನೆಗೆ ಹೊರಟೆ. ಕಾರು ತೆಗೆಯಲಿಲ್ಲ. ನಾನು ಬೇರೆಯವರಿಗಾಗಿ ಮಾಡಿಟ್ಟ ಆ ದಾರಿಯನ್ನು ಒಂದು ಸಲವೂ ನಡೆದಿರಲಿಲ್ಲ. ರಿಂಗ್ ರೋಡಿನ ಪಕ್ಕ ಫುಟ್‌ಪಾತ್ ಎಂಬುದು ಒಂದು ಗ್ಯಾರೇಜಿನ ಮುಂದೆ ಮುಗಿದುಹೋಗುತ್ತದೆ. ಅಲ್ಲಿಂದ ಮುಂದೆ ಚರಂಡಿಯ ಕಲ್ಲುಗಳ ಮೇಲೆ ಹೆಜ್ಜೆ, ಬೆನ್ನಿಗೆ ಲಾರಿ. ನಲವತ್ತೈದು ನಿಮಿಷ ಹಿಡಿಯಿತು. ನನ್ನ ಕೋಣೆಯ ಕಿಟಕಿಯಿಂದ ಕೂಗಿದರೆ ಜಯಮ್ಮನಿಗೆ ಕೇಳುವಷ್ಟು ಹತ್ತಿರದ ಮನೆ.

ಎಲ್ಲವನ್ನೂ ಹೇಳಿದೆ. ಸಂಘಕ್ಕೆ ಪ್ಲಾನ್ ಬರೆದದ್ದು, ಕಲ್ಲಿನ ಕಂಬದ ವಿಷಯ ನುಂಗಿದ್ದು, ಆ ಭಾನುವಾರ. ಜಯಮ್ಮ ಎದ್ದು ಒಳಗೆ ಹೋದರು. ಇನ್ನು ಬರುವುದಿಲ್ಲವೇನೋ ಅಂದುಕೊಂಡೆ. ಬಂದರು, ಕೈಯಲ್ಲಿ ಅದೇ ನಕ್ಷೆ. ನೆಲದ ಮೇಲೆ ಹಾಸಿ, "ತೋರ್ಸಿ," ಎಂದರು. ತೋರಿಸಿದೆ. ಊರಿನಿಂದ ರಸ್ತೆಯವರೆಗೆ ಅವರು ತಮ್ಮ ಬೆರಳನ್ನು ಮೆಲ್ಲಗೆ ಎಳೆದರು.

"ಹಂಗಾದ್ರೆ ನಮ್ಮ ಮಾವಂಗೆ ಮರ್ತಿರ್ಲಿಲ್ಲ."

"ಇಲ್ಲ."

"ದಾರಿ ವಿಷ್ಯ ಬಿಡಿ ಮೇಡಂ. ನಿಮಗೆ ಮರ್ತಿದೆ ಅಂತ ಅವ್ರಿಗೆ ಯಾಕಂದ್ರಿ?"

ಗೊತ್ತಿಲ್ಲ ಎಂದೆ. ಅದು ಜಾರಿಕೊಳ್ಳುವ ಮಾತಿನಂತೆ ಕೇಳಿಸಿರಬೇಕು. ಆದರೆ ನನ್ನ ಹತ್ತಿರ ಅದಕ್ಕಿಂತ ನಿಜವಾದದ್ದು ಬೇರೆ ಇರಲಿಲ್ಲ. ಅವರು ಬಯ್ಯಲಿಲ್ಲ, ಅಳಲಿಲ್ಲ, ಕಾಫಿಯನ್ನೂ ಕೊಡಲಿಲ್ಲ. ಹೊರಡುವಾಗ ಒಂದೇ ಮಾತು, "ಬರೆದು ಕೊಡಿ. ಬಾಯಲ್ಲಿ ಹೇಳಿದ್ದನ್ನ ನಮ್ಮ ಹುಡುಗ್ರು ನಂಬಲ್ಲ."

ಅದಕ್ಕಾಗಿ ಬರೆದಿದ್ದೇನೆ. ಇದರ ಒಂದು ಪ್ರತಿ ಅವರಿಗೆ, ಒಂದು ಸಂಘಕ್ಕೆ, ಇನ್ನೊಂದು, ನಕ್ಷೆಯ ನಕಲಿನ ಜೊತೆಗೆ, ಪಾಲಿಕೆ ಕಚೇರಿಗೆ. ಗೋಡೆ ಹೋಗುತ್ತದೋ ಇಲ್ಲವೋ ಹೇಳಲಾರೆ. ಹೋದರೂ ಆ ಬಸ್ಸು ಈಗ ಆ ಹೊತ್ತಿಗೆ ಬರುತ್ತದೋ ಇಲ್ಲವೋ, ಅದನ್ನು ಹತ್ತುವವರು ಯಾರಾದರೂ ಉಳಿದಿದ್ದಾರೋ ಇಲ್ಲವೋ — ಇದೂ ಗೊತ್ತಿಲ್ಲ. ಸಂಘಕ್ಕೆ ವಿಷಯ ಮೊದಲೇ ತಿಳಿಸಿದ್ದೆ; ಕಾರ್ಯದರ್ಶಿಗಳು ಫೋನು ಮಾಡಿ, "ಈಗ್ಯಾಕೆ ಮೇಡಂ ಅದೆಲ್ಲ? ನಿಮ್ಮ ಹೆಸರೇ ಹಾಳಾಗುತ್ತೆ," ಎಂದರು. ಆಗಲಿ ಎಂದೆ. ಬರುವ ಭಾನುವಾರ ಹತ್ತು ಗಂಟೆಗೆ ಸಂಘದ ಸಭೆ. ಅಲ್ಲಿ ಇದನ್ನು ಎಲ್ಲರ ಮುಂದೆ ಓದುತ್ತೇನೆ.

ಜಯಮ್ಮನಿಗೆ ಫೋನಿನಲ್ಲಿ ತಿಳಿಸಿದೆ. ಮಗನ ಬೈಕಿನಲ್ಲಿ ಬನ್ನಿ, ಇಲ್ಲವೆಂದರೆ ನಾನೇ ಕಾರು ತರುತ್ತೇನೆ ಎಂದೆ. "ಬೇಡ ಮೇಡಂ," ಎಂದರು. "ನಾನು ನಡ್ಕೊಂಡೇ ಬರ್ತೀನಿ. ಲೇಟಾಗುತ್ತೆ. ನಾನು ಬರೋವರ್ಗೂ ಓದ್ಬೇಡಿ."

ಅವರು ಬರುವವರೆಗೆ ಓದುವುದಿಲ್ಲ.