ಕೆರೆ ತುಂಬಿದ ದಿನದ ರಜೆ

ಖಾಲಿ ನೀರಿನ ಡ್ರಮ್ಮಿನೊಳಗೆ ಎಂದಾದರೂ ತಲೆ ಹಾಕಿದ್ದೀರಾ? ಇಲ್ಲವೆಂದರೆ ನೀವು ಪುಣ್ಯವಂತರು, ದಿನಾ ನಲ್ಲಿ ಬರುವ ಊರಿನವರು. ಕಳೆದ ಭಾನುವಾರ ನಾಶಿಕದ ನಮ್ಮ ಬಾಲ್ಕನಿಯಲ್ಲಿ ನಾನು ಸೊಂಟದವರೆಗೆ ಡ್ರಮ್ಮಿನೊಳಗಿದ್ದೆ, ಕೈಯಲ್ಲಿ ತೆಂಗಿನ ನಾರು. ಪಾಚಿ, ಪಟಿಕ, ಪ್ಲಾಸ್ಟಿಕ್ ಎಲ್ಲ ಸೇರಿದ ಹಳೆಯ ವಾಸನೆ. ವಾಳೂಜ್‌ನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿರುವ ಮಗಳು ಗೌರಿ ರಜೆಗೆ ಬಂದಿದ್ದಳು. ಡ್ರಮ್ಮನ್ನು ಎಸೆದುಬಿಡು ಎಂದು ಹಿಂದಿನಿಂದ ಗೊಣಗಿದಳು: "ಆಯಿ, ಇಲ್ಲಿ ರೋಜ್ ನೀರ್ ಬರ್ತದ. ಈ ಡ್ರಮ್ ಕಶಾಲಾ? ಫೇಕೂನ್ ದೇ ನಾ!" ಕನ್ನಡ ಅವಳಿಗೆ ಅರ್ಥವಾಗುವಷ್ಟು ಬಾಯಿಗೆ ಬರುವುದಿಲ್ಲ, ಬಂದಷ್ಟನ್ನು ಮರಾಠಿಯಲ್ಲಿ ಅದ್ದಿ ಕೊಡುತ್ತಾಳೆ.

"ನಿನ್ನ ಮದುವಿಗೆ ಇದನ್ನೇ ಕೊಡ್ತೀನಿ, ಸುಮ್ನಿರು" ಎಂದೆ ಒಳಗಿನಿಂದಲೇ.

ನಾವು ಬೀದರ್ ಕಡೆಯವರು, ನಮ್ಮವರದು ಕೇಂದ್ರ ಸರ್ಕಾರದ ಕೆಲಸ. ಗೌರಿ ಹುಟ್ಟಿದ್ದು ಈಗಿನ ಸಂಭಾಜಿನಗರದಲ್ಲಿ. ಅಲ್ಲಿ ನಮ್ಮ ಬಡಾವಣೆಗೆ ನೀರು ಬರುತ್ತಿದ್ದುದು ವಾರಕ್ಕೊಮ್ಮೆ, ಅದೂ ಅದಕ್ಕೆ ಮನಸ್ಸಿದ್ದರೆ. ನೀರಿನ ದಿನ ನಾನು ಯಾರ ಮದುವೆಗೂ ಹೋಗುತ್ತಿರಲಿಲ್ಲ. ಸಾವಿಗೆ ಹೋದರೂ ಅರ್ಧಕ್ಕೆ ಎದ್ದು ಬರುತ್ತಿದ್ದೆ. ಎರಡು ಡ್ರಮ್ಮು, ಇದ್ದಬದ್ದ ಕೊಡ, ಬಕೆಟ್ಟು, ಪಾತೇಲಿ, ಕೊನೆಗೆ ಗೌರಿಯ ಶಾಲೆಯ ಬಾಟಲಿ, ಎಲ್ಲ ತುಂಬಬೇಕು. ಅಕ್ಕಿ ತೊಳೆದ ನೀರು ತುಳಸಿಗೆ, ಬಟ್ಟೆ ಒಗೆದದ್ದು ಪಾಯಖಾನೆಗೆ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವೂ ಇತ್ತೆನ್ನಿ.

ಗೌರಿ ನಾಲ್ಕನೇ ತರಗತಿಯಲ್ಲಿದ್ದಾಗ ನಮ್ಮವರಿಗೆ ಬಡ್ತಿ ಬಂತು, ಬಡ್ತಿಯ ಬಾಲಕ್ಕೆ ವರ್ಗಾವಣೆ. ಊರು ಭುಜ್. ಶಾಲೆಯ ಅಟ್ಲಾಸ್ ತೆಗೆದು ಹುಡುಕಿದೆ. ಮೇಲೆ ಪಾಕಿಸ್ತಾನದ ಗಡಿ, ಕೆಳಗೆ ಸಮುದ್ರ, ಸುತ್ತ ಉಪ್ಪಿನ ಬಯಲು. ಇಷ್ಟು ಸಾಲದೆಂಬಂತೆ ಭೂಕಂಪದಲ್ಲಿ ಬಿದ್ದು ಎದ್ದ ಊರು ಬೇರೆ. "ಇಷ್ಟು ದೊಡ್ಡ ದೇಶದಾಗ ನಿಮಗ ಇದೇ ಸಿಕ್ತೇನ್ರಿ?" ಎಂದೆ.

ಅವರು ಒಬ್ಬರೇ ಹೋದರು. ತಿಂಗಳೊಳಗೆ ಫೋನು: "ಒಮ್ಮೆ ಬಂದು ನೋಡು. ಮನಸಿಗೆ ಬರಲಿಲ್ಲಂದ್ರ ತಿರುಗಿ ಹೋಗು, ನಾ ಏನೂ ಅನ್ನಂಗಿಲ್ಲ." ಎಂಟು ದಿನಕ್ಕೆಂದು ಹೊರಟೆ, ವಾಪಸು ಟಿಕೆಟ್ ತೆಗೆಸಿಯೇ ಹೊರಟೆ. ಅವರು ಅಲ್ಲಿ, ನಾವು ಇಲ್ಲಿ ಎಂದು ರೈಲು ಹತ್ತುವ ಮುಂಚೆಯೇ ತೀರ್ಮಾನಿಸಿದ್ದೆ. ಮನೆ ಎರಡಾಗುತ್ತದೆ ಎಂಬುದು ಅವರಿಗೂ ಗೊತ್ತಿತ್ತು, ಆದರೂ ಪಾಪ, ಒಂದು ವಾರ ಗೈಡಿನ ಕೆಲಸ ಮಾಡಿದರು.

ಬೆಳ್ಳಗಿನ ಉಪ್ಪಿನ ಬಯಲು ತೋರಿಸುತ್ತೇನೆಂದು ಕರೆದುಕೊಂಡು ಹೋದರು; ಮಳೆಗಾಲದಲ್ಲಿ ಅದು ಬರೀ ರಾಡಿ ನೀರು. ಅರಮನೆ ತೋರಿಸಿದರು, ನಾನು ಗೋಡೆಯ ಬಿರುಕು ನೋಡಿದೆ. ತಲೆಯ ಮೇಲೆ ಯುದ್ಧವಿಮಾನವೊಂದು ಹಾದರೆ ಗೌರಿಯನ್ನು ಎಳೆದುಕೊಂಡು ಬಾಗಿಲ ಚೌಕಟ್ಟಿನ ಕೆಳಗೆ ನಿಂತೆ. ಒಂದು ದಿನ ಸಮುದ್ರದಂಡೆಯ ಮಾಂಡವಿಗೆ ಹೋದೆವು. ಅಲ್ಲಿ ದಡದ ಮೇಲೆ ಮರದ ಹಡಗು ಕಟ್ಟುತ್ತಾರೆ. ನಾಲ್ಕಂತಸ್ತಿನ ಎತ್ತರ, ಇನ್ನೂ ಬರೀ ಪಕ್ಕೆಲುಬು. ನಾಲ್ಕಾರು ಜನ ಬಡಿಗರು ಬೀಡಿ ಸೇದುತ್ತ, ನಮ್ಮೂರಲ್ಲಿ ಮಂಚ ಕಟ್ಟುವವರ ಹಾಗೆ, ಯಾವ ಗಡಿಬಿಡಿಯೂ ಇಲ್ಲದೆ ಅದಕ್ಕೆ ಹಲಗೆ ಕೂರಿಸುತ್ತಿದ್ದರು. ನಿಜ ಹೇಳುತ್ತೇನೆ, ಕತ್ತು ನೋಯುವವರೆಗೆ ತಲೆ ಎತ್ತಿ ನೋಡಿದೆ. ಆದರೆ ಹೊಗಳಲಿಲ್ಲ; ಹೊಗಳಿದರೆ ಸೋತ ಹಾಗಲ್ಲವೇ?

"ಹೆಂಗದ?" ಎಂದರು.

"ಬಿಸಿಲು ಭಾಳ ಅದ" ಎಂದೆ.

ನಮ್ಮವರು ಬಾಡಿಗೆಗೆ ಹಿಡಿದಿದ್ದ ಮನೆಯ ಒಡತಿ ಹಂಸಾಬೆನ್ ಪಕ್ಕದ ಭಾಗದಲ್ಲೇ ಇದ್ದರು. ಭೂಕಂಪ ಅವರ ಗಂಡನನ್ನೂ ಹಿರಿಯ ಮಗನನ್ನೂ ತೆಗೆದುಕೊಂಡಿತ್ತು. ಹಳೆಯ ಮನೆ ಬಿದ್ದ ಜಾಗದಲ್ಲೇ ಈ ಮನೆ ಕಟ್ಟಿಸಿದ್ದರು. ಆ ಊರಿನವರೆಲ್ಲ ಹೀಗೆಯೇ. ಯಾವ ಮಾತು ತೆಗೆದರೂ "ಅದಕ್ಕಿಂತ ಮುಂಚೆ", "ಅದಾದ ಮೇಲೆ" ಎನ್ನುತ್ತಾರೆ, "ಅದು" ಯಾವುದೆಂದು ಯಾರೂ ಕೇಳುವುದಿಲ್ಲ. ಹೀಗೆಂದವರೇ ಮರುಗಳಿಗೆ ಎದ್ದು ಚಹಾಕ್ಕೆ ಇಡುತ್ತಾರೆ.

ಎಂಟನೆಯ ದಿನ ಸಂಜೆಗೆ ನಮ್ಮ ರೈಲು. ನಮ್ಮವರು ಆಫೀಸಿನಿಂದ ಬಂದು ಸ್ಟೇಷನ್ನಿಗೆ ಬಿಡುವುದೆಂದು ಮಾತಾಗಿತ್ತು. ಬ್ಯಾಗು ಕಟ್ಟಿ ಬಾಗಿಲ ಬಳಿ ಇಟ್ಟಿದ್ದೆ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಢಂ ಢಂ ಎಂದು ಸದ್ದು. ಹೊರಗೆ ನೋಡಿದರೆ ಎದುರಿನ ಅಂಗಡಿಗಳ ಶಟರು ದಡದಡ ಇಳಿಯುತ್ತಿವೆ, ಹೆಂಗಸರು ಮಕ್ಕಳು ಕೂಗುತ್ತ ಒಂದೇ ದಿಕ್ಕಿಗೆ ಓಡುತ್ತಿದ್ದಾರೆ. ನನ್ನ ತಲೆಯಲ್ಲಿ ಬಂದದ್ದು ಎರಡೇ: ಯುದ್ಧ, ಇಲ್ಲವೆ ಭೂಕಂಪ. ಬ್ಯಾಗು ಹೆಗಲಿಗೇರಿಸಿ, ಗೌರಿಯ ರಟ್ಟೆ ಹಿಡಿದು, ಇನ್ನೇನು ಬೀಳುವ ಮನೆಗೆ ಭದ್ರವಾಗಿ ಬೀಗ ಹಾಕಿ, ಜನ ಓಡುತ್ತಿದ್ದ ದಿಕ್ಕಿಗೆ ಬೆನ್ನು ತಿರುಗಿಸಿ ಹಿಂದಿನ ಮೈದಾನಕ್ಕೆ ಓಡಿದೆ. ಫೋನು ಚಾರ್ಜಿಗೆ ಇಟ್ಟಲ್ಲೇ ಉಳಿಯಿತು.

ಬಟಾಬಯಲಿನ ನಟ್ಟನಡುವೆ ಮಗಳನ್ನು ತಬ್ಬಿಕೊಂಡು ನಿಂತಿದ್ದವಳನ್ನು ಹಂಸಾಬೆನ್ ಹುಡುಕಿಕೊಂಡು ಬಂದರು. ಅವರು ಕಚ್ಛಿ ಬೆರೆಸಿದ ಹಿಂದಿಯಲ್ಲಿ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ: "ಅಯ್ಯೋ ಹುಚ್ಚಿ, ಹಮೀರಸರ ಕೆರೆ ಕೋಡಿ ಬಿದ್ದಿದೆ! ಇವತ್ತು ಊರಿಗೆಲ್ಲ ರಜೆ!" ಆಮೇಲೆ ನನ್ನ ಬ್ಯಾಗು ನೋಡಿ ನಗಲು ತೊಡಗಿದವರು, ನಕ್ಕು ನಕ್ಕು ನೆಲದ ಮೇಲೆ ಕುಳಿತರು.

ಕೆರೆ ತುಂಬಿದ್ದಕ್ಕೆ ರಜೆ! ನಮ್ಮ ಕಡೆ ರಾಜಕಾರಣಿ ಸತ್ತರೆ ರಜೆ ಕೊಡುತ್ತಾರೆ.

ಬ್ಯಾಗಿನ ಸಮೇತ ಹೋದೆ. ಊರಿನ ಮಧ್ಯದಲ್ಲಿ ಆ ಕೆರೆ. ವಾರವಿಡೀ ಅದರ ಪಕ್ಕದಲ್ಲೇ ಓಡಾಡಿದ್ದರೂ ಕಣ್ಣೆತ್ತಿ ನೋಡಿರಲಿಲ್ಲ. ಈಗ ನೀರು ದಂಡೆ ಮೀರಿ ಹೊಳೆಯುತ್ತಿತ್ತು, ದಂಡೆಯ ಮೇಲೆ ಇಡೀ ಊರು ನಿಂತಿತ್ತು. ಬ್ಯಾಂಡು, ಪಟಾಕಿ. ಊರಿನ ಹಿರಿಯರು ಬಂದು, ಮನೆಗೆ ಬಂದ ಸೊಸೆಗೆ ಮಾಡುವಂತೆ, ನೀರಿಗೆ ಕುಂಕುಮ ಹಚ್ಚಿ ಹೂವು ಏರಿಸಿ ಕೈಮುಗಿದರು. ಮೇಘಲಾಡು ಎಂದು ಎಲ್ಲರಿಗೂ ಲಾಡು ಹಂಚಿದರು. ಟೊಪ್ಪಿಯ ಮುದುಕರು, ಮುಖದ ಮೇಲೆ ಘೂಂಘಟ ಎಳೆದ ಹೆಂಗಸರು, ಬೂಟು ಕೈಯಲ್ಲಿ ಹಿಡಿದ ಗುಮಾಸ್ತರು ಕೋಡಿಯ ನೀರಿಗೆ ಕಾಲು ಕೊಟ್ಟು ನಿಂತಿದ್ದರು. ಒಂದು ಕೊಡ ನೀರಿಗೆ ನೆರೆಯವಳ ಜೊತೆ ಜುಟ್ಟು ಹಿಡಿದಾಡಿದ್ದ ನಾನು, ಹರಿದು ಹೋಗುವ ನೀರಿಗೆ ಕೈಮುಗಿಯುವ ಊರನ್ನು ನೋಡುತ್ತ ಗಳಗಳ ಅತ್ತೆ.

"ನಿಮಗ ಈ ಮಣ್ಣಿನ ಮ್ಯಾಲ ಹೆದರಿಕಿ ಆಗಂಗಿಲ್ಲೇನು?" ಎಂದು ಹಂಸಾಬೆನ್‌ರನ್ನು ನನಗೆ ಬಂದ ಹಿಂದಿಯಲ್ಲಿ ಕೇಳಿದೆ.

"ಆಗುತ್ತದೆ. ಈಗಲೂ ಪಾತ್ರೆ ಅಲುಗಾಡಿದರೆ ಎದ್ದು ಕೂರುತ್ತೇನೆ" ಎಂದರು. "ಆ ವರ್ಷವೂ ಹೊಟ್ಟೆಗೆ ಹಸಿವಾಯಿತು, ತಂಗೀ. ಅದಾದ ಮೇಲೆ ಮೊದಲ ಸಲ ಕೆರೆ ತುಂಬಿದಾಗ ಬರಲಾರೆ ಅಂದಿದ್ದೆ. ಓಣಿಯವರು ಹೊತ್ತುಕೊಂಡೇ ಬಂದರು." ಲಾಡು ಮುರಿದು ಅರ್ಧ ನನ್ನ ಬಾಯಿಗಿಟ್ಟರು. "ಅಲ್ಲಾ, ನಿನ್ನ ರೈಲು?"

"ಹೋಗಲಿ ಬಿಡ್ರಿ" ಎಂದೆ. ಯೋಚಿಸಿ ಅಂದದ್ದಲ್ಲ, ಬಾಯಿಂದ ಬಂದೇಬಿಟ್ಟಿತು. ನಮ್ಮವರು ಬಂದು ಬಾಗಿಲಲ್ಲಿ ಸ್ವಲ್ಪ ಕಾಯಲಿ, ಏನೀಗ ಎಂದೂ ಅನ್ನಿಸಿತು.

ಮನೆಗೆ ಬಂದಾಗ ರೈಲಿನ ಹೊತ್ತು ಮೀರಿತ್ತು. ಫೋನಿನ ತುಂಬ ಅವರ ಮಿಸ್ಡ್ ಕಾಲು. ತಿರುಗಿ ಮಾಡಿದೆ. "ಎಲ್ಲಿದೀರಿ? ಲಡ್ಡು ತಂದೀವಿ, ಬರ್ರಿ ಲಗೂನ." ಮನೆಯಿಂದಲೇ ಮಾಡುತ್ತಿದ್ದೀಯಾ ಎಂದು ಅವರು ಎರಡೆರಡು ಸಲ ಕೇಳಿದರು. ಆಮೇಲೆ, "ಆಫೀಸಿನಾಗ ಇದೀನಿ. ಕೆಲಸಿತ್ತು" ಎಂದರು. ಬಂದರು, ಲಾಡು ತಿಂದರು. ಗೌರಿಯ ಶಾಲೆಯಿಂದ ಟಿ.ಸಿ. ತರಿಸಬೇಕೆಂದು ನಾನು ಹೇಳಿದಾಗ ಎರಡು ಲೋಟ ನೀರು ಕುಡಿದು ಮಲಗಿಬಿಟ್ಟರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೂರು ವರ್ಷ ಆ ಊರಿನಲ್ಲಿದ್ದೆವು, ಬಿಟ್ಟು ಬರುವಾಗ ಮತ್ತೆ ಅತ್ತೆ. ಅಂದಿನಿಂದ ಇಂದಿನವರೆಗೆ ಬಂದವರಿಗೆಲ್ಲ ಈ ಕಥೆ ಹೇಳಿ, ಕೊನೆಗೆ ನಮ್ಮವರನ್ನು ಚುಚ್ಚುವುದು ನನ್ನ ರೂಢಿ.

ಭಾನುವಾರವೂ ಡ್ರಮ್ಮಿನಿಂದ ಹೊರಗೆ ಬಂದು ಗೌರಿಗೆ ಅದನ್ನೇ ಹೇಳಿದೆ. "ಇಡೀ ಊರಿಗೆ ರಜಾ, ನಿಮ್ಮಪ್ಪಗ ಮಾತ್ರ ಫೈಲು!" ಅವಳು ನಕ್ಕಳು. ಒಳಗೆ ಪೇಪರು ಓದುತ್ತಿದ್ದ ನಮ್ಮವರು ತಲೆ ಎತ್ತದೆ ಹೇಳಿದರು: "ನಾ ಅವತ್ತು ಆಫೀಸಿನಾಗ ಇರಲಿಲ್ಲ."

"ಮತ್ತೆಲ್ಲಿದ್ರಿ?"

"ಸ್ಟೇಷನ್‌ದಾಗ. ರಜಾ ಕೊಟ್ರಂತ ಮಧ್ಯಾಹ್ನಕ್ಕ ಮನಿಗೆ ಬಂದೆ. ಕೀಲಿ ಹಾಕಿತ್ತು. ಕಿಡಕಿಯಿಂದ ನೋಡಿದ್ರ ಬ್ಯಾಗಿಲ್ಲ. ಫೋನ್ ಹಚ್ಚಿದ್ರ ಒಳಗ ಬಡ್ಕೊಳ್ಳಾಕತ್ತಿತ್ತು. ಹೇಳದೆ ಕೇಳದೆ ಹೊಂಟ್ಲು ಅಂದ್ಕೊಂಡೆ. ಗಾಡಿ ಬಂದು ನಿಂತ ಮ್ಯಾಲ ಡಬ್ಬಿ ಡಬ್ಬಿ ಹತ್ತಿ ಇಳದು ನೋಡ್ದೆ. ಗಾಡಿ ಹೋತು. ಅಲ್ಲೇ ಕುಂತಿದ್ದೆ, ನಿನ್ನ ಫೋನ್ ಬಂತು."

ಗೌರಿಯ ನಗು ನಿಂತಿತ್ತು. "ಇಷ್ಟು ವರ್ಷ ಯಾಕ ಹೇಳಲಿಲ್ರಿ?" ಎಂದೆ.

"ನೀ ಅಷ್ಟು ಖುಷಿಲೆ ಇದ್ದಿ. ನಡುವ ನಂದೊಂದು ರಾಗ ಯಾಕ ತೆಗೀಲಿ?"

ಆ ಊರಿನ ಕೆರೆ, ಹಡಗು, ಹಂಸಾಬೆನ್ ಎಂದು ಕಂಡಕಂಡವರ ತಲೆ ತಿಂದಿದ್ದೇನೆ. ಈ ಮನುಷ್ಯ ಖಾಲಿ ಪ್ಲಾಟ್‌ಫಾರ್ಮಿನಲ್ಲಿ ಕುಳಿತದ್ದು ನನಗೆ ತಿಳಿದೇ ಇರಲಿಲ್ಲ. ಒದ್ದೆ ಕೈಯಲ್ಲೇ ಹೋಗಿ ಪಕ್ಕದಲ್ಲಿ ಕುಳಿತೆ. "ಎಷ್ಟು ಡಬ್ಬಿ ಇದ್ವು ಆ ಗಾಡಿಗೆ?" ಎಂದು ಕೇಳಿದೆ.

"ಇಪ್ಪತ್ತೆರಡು" ಎಂದರು.